ಮುರಗೆಪ್ಪನ ಕುರ್ಚಿ

ನೂರಾ ಎಂಬತ್ತಾರನೆಯ ಚೀಟಿಗೆ ಬರುವ ಹೊತ್ತಿಗೆ ಗಿರಿಜವ್ವನ ಬಲಗೈಯ ಕಿರುಬೆರಳು ತನ್ನದಲ್ಲವೆಂಬಂತೆ ಕೀಬೋರ್ಡಿನ ಮೇಲೆ ಬಿದ್ದುಕೊಂಡಿತು. ಪಕ್ಕದ ಬೆರಳಿಗೂ ಜೋಮು ಹತ್ತಿತ್ತು. ಕೈ ಜಾಡಿಸಿ, ಬೆರಳುಗಳನ್ನು ಬಾಯಿಯ ಹತ್ತಿರ ತಂದು ಊದಿ, ಮತ್ತೆ ಚೀಟಿಯ ಕಡೆ ಬಗ್ಗಿದಳು. ಚೀಟಿಗಳು ಎಡಗಡೆ ಟೇಬಲ್ಲಿನ ಮೇಲೆ ಅಂಗಾತ ಬಿದ್ದಿದ್ದವು. ರೈತನ ಹೆಸರು ನೋಡಲು ಬಗ್ಗಬೇಕು, ಒತ್ತಿದ್ದು ಸರಿಯಾಯಿತೋ ಇಲ್ಲವೋ ಎಂದು ಪರದೆ ನೋಡಲು ತಲೆ ಎತ್ತಬೇಕು. ಊರಿಗೆ ಬಗ್ಗಬೇಕು, ಎತ್ತಬೇಕು. ಗಾಡಿ ನಂಬರಿಗೊಮ್ಮೆ, ತೂಕಕ್ಕೊಮ್ಮೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ತೂಕದ ಕಾಟಾದಿಂದ ದಿನಕ್ಕೆ ನಾನೂರು ಚೀಟಿ ಬರುತ್ತಿದ್ದವು.

"ಅಕ್ಕಾರ, ಚಹಾ ಬಂತ ನೋಡ್ರಿ. ಒಂದ ಗುಟುಕ ಕುಡದ ಹೊಡೀರಿ," ಎಂದ ಎದುರು ಟೇಬಲ್ಲಿನ ಗುಮಾಸ್ತ ಜಿನ್ನಪ್ಪ.

"ಇದೊಂದ ಕಟ್ಟ ಮುಗೀಲಿ ತಡೀರಿ."

"ಕಟ್ಟ ಎಲ್ಲಿ ಮುಗೀತಾವರಿ. ರಾಯಬಾಗ ತಾಲೂಕಿನ ಕಬ್ಬೆಲ್ಲಾ ಮುಗೀಬೇಕು, ಅವಾಗ. ಅಷ್ಟರಾಗ ನೀವು ಬೆಳ್ಳಕ್ಕಿ ಆಗಿರ್ತೀರಿ, ಹಿಂಗ." ಅವನು ಕುತ್ತಿಗೆ ಮುಂದೆ ಚಾಚಿ ತೋರಿಸಿದ.

ಗಿರಿಜವ್ವ ನಕ್ಕಳು. ನಕ್ಕದ್ದಕ್ಕೂ ಕುತ್ತಿಗೆಯ ಹಿಂದಿನ ನರ ಹಿಡಿದೆಳೆಯಿತು. ಚಹಾದ ಲೋಟಕ್ಕೆ ಕೈ ಚಾಚಬೇಕೆಂದರೆ ಕುರ್ಚಿಯಿಂದ ಕೆಳಗೆ ಜಾರಬೇಕಿತ್ತು. ಅವಳು ಕುಳಿತದ್ದು ಬೇವಿನ ಕಟ್ಟಿಗೆಯ ದೊಡ್ಡ ಕುರ್ಚಿ. ಕುಳಿತರೆ ಅವಳ ಕಾಲು ನೆಲ ಮುಟ್ಟುತ್ತಿರಲಿಲ್ಲ, ನಾಲ್ಕು ಬೆರಳು ಮೇಲೆ ತೂಗುತ್ತಿದ್ದವು. ಬೆನ್ನು ಒರಗಿಸಲು ಹಿಂದೆ ಸರಿದರೆ ಕೈಗೆ ಕೀಬೋರ್ಡು ಸಿಗುತ್ತಿರಲಿಲ್ಲ. ಹಾಗಾಗಿ ಅಂಚಿನ ಮೇಲೆ, ಕಟ್ಟೆಯ ತುದಿಗೆ ಕುಳಿತ ಮಗುವಿನ ಹಾಗೆ ಕುಳಿತು, ಕೆಳಗಿನ ಟೇಬಲ್ಲಿಗೆ ಬಾಗಿ, ಎಂಟು ತಾಸು ಕೆಲಸ ಮಾಡುತ್ತಿದ್ದಳು. ಕಾಲ ಕೆಳಗೆ ಹಲಗೆ ಇಟ್ಟು ನೋಡಿದ್ದಳು. ಮೊಣಕಾಲು ಟೇಬಲ್ಲಿನ ಡ್ರಾವರಿಗೆ ಬಡಿದು ಗಾಯವಾಯಿತು.

ಆ ಕುರ್ಚಿ ಅವಳ ಗಂಡ ಮುರಗೆಪ್ಪನದು. ಆರಡಿ ಮೇಲೆ ಎರಡು ಬೆರಳು ಎತ್ತರದ ಆಳು. ಸಕ್ಕರೆ ಕಾರ್ಖಾನೆಯ ಕಬ್ಬಿನ ಆಫೀಸಿಗೆ ಗುಮಾಸ್ತನಾಗಿ ಸೇರಿದಾಗ ಅಲ್ಲಿಯ ಕುರ್ಚಿಗಳಲ್ಲಿ ಅವನ ಮೊಣಕಾಲು ಎದೆಗೆ ಬರುತ್ತಿದ್ದವಂತೆ. ಹೊಲದ ಬದುವಿನ ಬೇವಿನ ಮರ ಗಾಳಿಗೆ ಬಿದ್ದ ವರ್ಷ ಅವನ ತಾಯಿ ಚನ್ನವ್ವ ಬಡಿಗ ಗಂಗಾರಾಮನನ್ನು ಕರೆಸಿ, ಮಗನನ್ನು ಎದುರಿಗೆ ನಿಲ್ಲಿಸಿ, ಅಳತೆ ಕೊಟ್ಟು ಮಾಡಿಸಿದ ಕುರ್ಚಿ ಅದು. ಹದಿಮೂರು ವರ್ಷ ಅವನು ಅದರಲ್ಲಿ ರಾಜನ ಹಾಗೆ ಕುಳಿತ. ಮೂರು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ, ಲೈಟಿಲ್ಲದೆ ರಸ್ತೆಯ ಮೇಲೆ ನಿಂತ ಟ್ರ್ಯಾಕ್ಟರಿನ ಟ್ರಾಲಿಗೆ ಅವನ ಗಾಡಿ ಹೋಗಿ ಹೊಡೆಯಿತು.

ದಿನಕಾರ್ಯಗಳು ಮುಗಿದ ಮೇಲೆ ನೌಕರಿಯ ಮಾತು ಬಂತು. ಸತ್ತವನ ಹೆಂಡತಿಗೆ ಕೊಡುತ್ತೇವೆ, ಮನೆಯ ಉಳಿದವರೆಲ್ಲ ಒಪ್ಪಿಗೆ ಬರೆದು ಕೊಡಲಿ ಎಂದರು ಕಾರ್ಖಾನೆಯವರು. ಮೈದುನ ಭರಮುನ ಮುಖ ಸಣ್ಣದಾಯಿತು. ಗಿರಿಜವ್ವ ಹತ್ತನೆಯ ತರಗತಿ ಪಾಸಾದವಳು, ಅವನು ಪಾಸಾಗಿರಲಿಲ್ಲ. ಚನ್ನವ್ವ ಒಪ್ಪಿಗೆಯ ಕಾಗದವನ್ನು ಮೂರು ದಿನ ಹಾಗೇ ಇಟ್ಟುಕೊಂಡಳು. ನಾಲ್ಕನೆಯ ದಿನ ಸೊಸೆಯನ್ನು ಕರೆದು ಹೇಳಿದಳು:

"ನೀನss ಹೋಗು ಬೇ. ಆದ್ರ ಒಂದ ಮಾತು. ನನ್ನ ಮಗನ ಕುರ್ಚಿ ಖಾಲಿ ಇರಬಾರ್ದು. ನೀ ಅದರಾಗ ಕುಂದ್ರಬೇಕು. ಬದಲ ಮಾಡಾಂಗಿಲ್ಲ, ಕೊಯ್ಯಾಂಗಿಲ್ಲ, ಕೆತ್ತಾಂಗಿಲ್ಲ. ಹೂಂ ಅಂದ್ರ ಈಗ ಹೆಬ್ಬಟ್ಟ ಒತ್ತತೀನಿ."

ಗಿರಿಜವ್ವ ಹೂಂ ಅಂದಳು. ಅವತ್ತು ಅದು ಷರತ್ತು ಅಂತ ಅನ್ನಿಸಲೂ ಇಲ್ಲ. ಕುರ್ಚಿಯ ಎರಡೂ ತೋಳು ಅವನ ಕೈ ತಿಕ್ಕಿ ತಿಕ್ಕಿ ನುಣ್ಣಗಾಗಿದ್ದವು. ಮೊದಲ ದಿನ ಅದರ ಮೇಲೆ ಕೈ ಇಟ್ಟುಕೊಂಡೇ ಸಂಜೆಯ ತನಕ ಕುಳಿತಿದ್ದಳು. ಆಗ ಕೆಲಸವೂ ಬೇರೆ ತರಹ ಇತ್ತು. ದಪ್ಪ ದಪ್ಪ ಖಾತೆ ಪುಸ್ತಕಗಳನ್ನು ಕಪಾಟಿನಿಂದ ಇಳಿಸುವುದು, ನಿಂತು ಬರೆಯುವುದು, ಕಾಟಾದ ತನಕ ನಡೆದು ಹೋಗಿ ಬರುವುದು. ದಿನಕ್ಕೆ ಮೂವತ್ತು ಸಲ ಏಳುತ್ತಿದ್ದಳು. ತೊಂಬತ್ತೈದರ ಹಂಗಾಮಿಗೆ ಕಂಪ್ಯೂಟರ್ ಬಂತು. ಆಮೇಲೆ ಏಳುವ ಕಾರಣವೇ ಉಳಿಯಲಿಲ್ಲ.

ಸಂಜೆ ಮನೆಗೆ ಬಂದು, ಕೈಕಾಲು ತೊಳೆದು, ರೊಟ್ಟಿ ಬಡಿಯಲು ಕುಳಿತರೆ ಹಿಟ್ಟು ಕೈಯಲ್ಲಿ ತಿರುಗುತ್ತಿರಲಿಲ್ಲ. ಭರಮುನ ಹೆಂಡತಿ ಲಕ್ಕವ್ವ ಪಕ್ಕದಲ್ಲಿ ಕಾಯಿಪಲ್ಲೆ ಒಗ್ಗರಣೆ ಹಾಕುತ್ತ ನೋಡಿದಳು.

"ಅಕ್ಕಾ, ಇದು ರೊಟ್ಟಿ ಆಗಿಲ್ಲ, ಬೆಳಗಾಂವ ಜಿಲ್ಲಾದ ನಕಾಶೆ ಆಗೇತಿ."

"ಅಥಣಿ ಕಡೆ ಒಂದೀಟ ಹರದೈತಿ ಅಷ್ಟss. ನೀ ಬಡಿ ಬಾ, ನಾ ಪಲ್ಲೆ ನೋಡ್ತೀನಿ."

"ಮುಂಜಾನಿಂದ ನಾನss ಬಡ್ಯಾಕತ್ತೀನಿ. ನೀ ಕುರ್ಚಿಮ್ಯಾಲ ಕುಂತ ಬರಾಕಿ, ನಿನ್ನ ಕೈಗೇನ ಆಗೇತಿ," ಎಂದಳು ಲಕ್ಕವ್ವ. ಅಂದರೂ ಎದ್ದು ಬಂದು ಹಿಟ್ಟಿನ ಪರಾತ ತನ್ನ ಕಡೆ ಎಳೆದುಕೊಂಡಳು.

ಊಟವಾದ ಮೇಲೆ ಚನ್ನವ್ವ ಹಂಚಿನ ಮೇಲೆ ಉಪ್ಪಿನ ಗಂಟು ಕಾಸಿಕೊಂಡು ಪಡಸಾಲೆಗೆ ಬರುತ್ತಿದ್ದಳು. ಸೊಸೆಯನ್ನು ಮುಂದೆ ಕೂಡಿಸಿಕೊಂಡು, ಸೆರಗು ಸರಿಸಿ, ಕುತ್ತಿಗೆಗೆ ಕಾವು ಕೊಡುತ್ತಿದ್ದಳು. ಹೆಬ್ಬೆರಳಿನಿಂದ ಒತ್ತುತ್ತ ಒತ್ತುತ್ತ ಒಂದು ಕಡೆ ನಿಲ್ಲಿಸುತ್ತಿದ್ದಳು.

"ಇಲ್ಲೇ ಅಲ್ಲೇನ?"

"ಹೂಂ ಅತ್ತಿ. ಅಲ್ಲೇ."

"ಇದss ಜಾಗಾ. ಮುರಗ್ಯಾಗೂ ಇಲ್ಲೇ ನೋಯತಿತ್ತು. ಬರದ ಬರದ ಬಂದು, ಎವ್ವಾ, ಒತ್ತು ಅಂತಿದ್ದ."

ಗಿರಿಜವ್ವ ಇನ್ನಷ್ಟು ತಲೆ ಬಾಗಿಸುತ್ತಿದ್ದಳು. ಹದಿನಾರು ವರ್ಷದ ಸಂಸಾರದಲ್ಲಿ ಮುರಗೆಪ್ಪ ಒಂದು ದಿನವೂ ಕುತ್ತಿಗೆ ನೋವು ಅಂದವನಲ್ಲ. ಕುರ್ಚಿ ಅವನ ಅಳತೆಯದು, ನೋವು ಎಲ್ಲಿಂದ ಬರಬೇಕು. ಅವನಿಗೆ ಇದ್ದದ್ದು ಕಾಲಿನ ಆಣಿಯ ಉಪದ್ರವ ಒಂದೇ. ಆದರೆ ಮುದುಕಿಯ ಕೈಯಲ್ಲಿ ಆಗ ಬರುತ್ತಿದ್ದ ಮೆತ್ತಗಿನ ಒತ್ತು, ದನಿಯಲ್ಲಿ ಬರುತ್ತಿದ್ದ ಸಮಾಧಾನ, ಬೇರೆ ಯಾವ ಹೊತ್ತಿನಲ್ಲೂ ಬರುತ್ತಿರಲಿಲ್ಲ. ಮಗನ ನೋವು ಸೊಸೆಯ ಮೈಗೆ ಬಂದು ಉಳಿದುಕೊಂಡಿದೆ ಎಂದು ಅವಳು ನಂಬಿದ್ದಳು. ನೋವು ಇದ್ದಷ್ಟು ದಿನ ಮಗನೂ ಒಂದಿಷ್ಟು ಇದ್ದ.

ಸಂಕ್ರಾಂತಿಯ ಮುಂದೆ ಆಬಾಸಾಹೇಬ ಎಂಬ ರೈತ ಆಫೀಸಿಗೆ ಬಂದು ಚೀಟಿಯನ್ನು ಟೇಬಲ್ಲಿನ ಮೇಲೆ ಬಡಿದ.

"ಬಾಯಾರ, ನನ್ನ ಗಾಡ್ಯಾಗ ಹದಿನಾಕ ಟನ್ ಇತ್ರಿ. ನಿಮ್ಮ ಪೆಟಿಗ್ಯಾಗ ನಾಕ ಅಂತ ಬಂದೈತಿ. ಹತ್ತ ಟನ್ ಕಬ್ಬ ನಿಮ್ಮ ಕಂಪ್ಯೂಟರ್ ತಿಂತೇನ್ರಿ?"

ಗಿರಿಜವ್ವ ತೆಗೆದು ನೋಡಿದಳು. ಒಂದರ ಕೀ ಒತ್ತಿದ್ದೇನೆ ಎಂದು ಅವಳು ಅಂದುಕೊಂಡಿದ್ದಳು. ಬೆರಳು ಒತ್ತಿರಲಿಲ್ಲ. ಅವತ್ತೇ ತಿದ್ದಿದಳು. ಆದರೆ ಮ್ಯಾನೇಜರು ಕರೆದು ಮೆತ್ತಗೆ ಹೇಳಿದರು: "ತಾಯೀ, ಮುರಗೆಪ್ಪನ ಮಾರಿ ನೋಡಿ ಸುಮ್ನಿದ್ದೀನಿ. ಇನ್ನೊಮ್ಮೆ ಹಿಂಗ ಆದ್ರ ಮ್ಯಾಲಿನವರಿಗೆ ಬರದ ಕೊಡಬೇಕಾಗತೈತಿ."

ರವಿವಾರ ಕಳೆದ ಮೇಲೆ ಸೋಮವಾರ ರಜೆ ಹಾಕಿ, ಮಗಳು ಸಾವಿತ್ರಿಯನ್ನು ಕರೆದುಕೊಂಡು ಪ್ಯಾಸೆಂಜರ್ ಗಾಡಿಯಲ್ಲಿ ಮಿರಜಕ್ಕೆ ಹೋದಳು. ಸಾವಿತ್ರಿಗೆ ಹದಿನೇಳು. ರಾಯಬಾಗದಲ್ಲಿ ಪಿಯುಸಿ ಎರಡನೆಯ ವರ್ಷ. ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಮಗ್ಗಿ ಹೇಳಿಸುವ ಚಟ ಅವಳಿಗೆ ಸಣ್ಣಂದಿನಿಂದ ಇತ್ತು. ಪಿಯುಸಿ ಮುಗಿಸಿ, ಚಿಕ್ಕೋಡಿಯಲ್ಲಿ ಟಿಸಿಎಚ್ ಮಾಡಿ, ಸಾಲಿ ಟೀಚರ್ ಆಗುತ್ತೇನೆ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದಳು. ಎತ್ತರ ಮಾತ್ರ ಅಪ್ಪನದು. ತಾಯಿಯ ತಲೆ ಅವಳ ಭುಜಕ್ಕೆ ಬರುತ್ತಿತ್ತು.

ಮಿರಜದ ಡಾಕ್ಟರ್ ಬಾಯಿ ಮರಾಠಿಯನ್ನೂ ಕನ್ನಡವನ್ನೂ ಕಲಸಿ ಮಾತಾಡುವ ವಯಸ್ಸಾದ ಹೆಂಗಸು. ಕುತ್ತಿಗೆ ಮುಟ್ಟುವ ಮೊದಲು ಅವರು ಕೇಳಿದ್ದು, "ಆಫೀಸ್‌ದಾಗ ಹೆಂಗ ಕುಂದರತೀ, ಕುಂತ ತೋರಸು."

ಗಿರಿಜವ್ವ ಪರೀಕ್ಷೆಯ ಮಂಚದ ಅಂಚಿಗೆ ಏರಿ, ಕಾಲು ಇಳಿಬಿಟ್ಟು, ಮುಂದಕ್ಕೆ ಬಾಗಿ, ಗಾಳಿಯಲ್ಲಿ ಎರಡೂ ಕೈ ಆಡಿಸಿ ತೋರಿಸಿದಳು; ಕಾಲು ನೆಲಕ್ಕೆ ನಾಲ್ಕು ಬೆರಳು ತಾಗುವುದಿಲ್ಲ ಎಂದೂ ಹೇಳಿದಳು. ಸಾವಿತ್ರಿಗೆ ನಗು ಬಂತು. ಡಾಕ್ಟರ್ ಬಾಯಿ ನಗಲಿಲ್ಲ.

"ನಾಲ್ಕ ಬೆರಳ ಕಾಲ ಹಾರಾಡಾಕತ್ತಾವು. ಬೆನ್ನಿಗೆ ಆಧಾರಿಲ್ಲ. ದಿವಸಭರ ತಲಿ ಮ್ಯಾಲ ಕೆಳಗ. ತಲಿ ಅಂದ್ರ ಸಣ್ಣ ವಜ್ಜಾ ಅಲ್ಲ, ಬಾಯೀ. ಅದು ನೆಟ್ಟಗ ಇದ್ರ ಎಲುವು ಹೊರತಾವು, ಮುಂದ ಬಾಗಿದ್ರ ನರ ಹೊರಬೇಕು. ಬೆರಳ ಜೋಮ ಹಿಡ್ಯಾಕತ್ತಾವಂದ್ರ ನರಾ ಒತ್ತಾಕತ್ತೈತಿ." ಅವರು ಚೀಟಿಯ ಹಿಂದೆ ಒಂದು ಕುರ್ಚಿ, ಒಂದು ಟೇಬಲ್ಲು, ಒಂದು ಕಡ್ಡಿಯ ಹೆಂಗಸು ಬರೆದರು. ಪಾದ ಪೂರ್ತಿ ನೆಲಕ್ಕೆ. ಬೆನ್ನು ಹಿಂದೆ ತಾಗಿರಬೇಕು. ಪರದೆ ಕಣ್ಣಿನ ಮಟ್ಟಕ್ಕೆ, ಒಂದು ಕೈ ದೂರ. ಚೀಟಿ ಕೆಳಗಲ್ಲ, ಪರದೆಯ ಪಕ್ಕದಲ್ಲಿ ನೆಟ್ಟಗೆ ನಿಂತಿರಬೇಕು. ಅರ್ಧ ತಾಸಿಗೊಮ್ಮೆ ಎದ್ದು ನೀರು ಕುಡಿಯಲಿಕ್ಕಾದರೂ ನಡೆಯಬೇಕು.

"ನೋವಿನ ಗೋಳಿ ಮಹಿನಾಭರ ಕೊಡತೀನಿ. ಆದ್ರ ಕುರ್ಚಿ ಹಂಗss ಇದ್ರ ಗೋಳಿ ಏನ ಮಾಡತಾವ? ಕುರ್ಚಿ ಕಾಲ ಕೊಯ್ಸು, ಇಲ್ಲಾ ಬ್ಯಾರೆ ಕುರ್ಚಿ ತಗೋ. ಹಂಗss ಬಿಟ್ಟಿ ಅಂದ್ರ ಆ ಎರಡ ಬೆರಳ ಮತ್ತ ತಿರುಗಿ ಬರಾಂಗಿಲ್ಲ."

ತಿರುಗಿ ಬರುವಾಗ ಗಾಡಿಯಲ್ಲಿ ಸಾವಿತ್ರಿ ಆ ಚಿತ್ರವನ್ನು ತೊಡೆಯ ಮೇಲೆ ಹರಡಿಕೊಂಡು ಕುಳಿತಳು.

"ನಾಲ್ಕ ಬೆರಳ ಅಷ್ಟss ಅವ್ವಾ. ಗಂಗಾರಾಮ ಕಾಕಾಗ ಹೇಳಿದ್ರ ಅರ್ಧಾ ತಾಸಿನ ಕೆಲಸ."

"ಆಯಿ ಮುಂದ ಈ ಮಾತ ತಗೀಬ್ಯಾಡ," ಎಂದಳು ಗಿರಿಜವ್ವ, ಅತ್ತೆಯನ್ನು ನೆನೆದು.

"ಕಟಗಿ ಅದು. ಅಪ್ಪ ಅಲ್ಲ."

"ಸಾವಿತ್ರೀ."

ಹುಡುಗಿ ಚಿತ್ರ ಮಡಚಿಟ್ಟು ಕಿಟಕಿಯ ಆಚೆ ನೋಡಿದಳು.

ಮರುದಿನ ಗಿರಿಜವ್ವ ಜಿನ್ನಪ್ಪನಿಗೆ ಚಿತ್ರ ತೋರಿಸಿದಳು. ಅವನು ಕನ್ನಡಕ ಏರಿಸಿ ಎರಡು ಸಲ ನೋಡಿ, "ಈ ಕಡ್ಡಿ ಬಾಯಾರು ಭಾಳ ಆರಾಮ ಕುಂತಾರ ಬಿಡ್ರಿ," ಎಂದು ಎದ್ದು ಹೋದ. ಗೋದಾಮಿನಿಂದ ಒಂದು ಕಬ್ಬಿಣದ ಮಡಚುವ ಕುರ್ಚಿ ಹೊತ್ತು ತಂದ. ಬರೆಯುವ ಪ್ಯಾಡಿಗೆ ತಂತಿ ಬಿಗಿದು, ಪರದೆಯ ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಚೀಟಿಗಳನ್ನು ಅದಕ್ಕೆ ಸಿಕ್ಕಿಸಿದ. ಇಬ್ಬರೂ ಸೇರಿ ಬೇವಿನ ಕುರ್ಚಿಯನ್ನು ಎತ್ತಿ ಕಿಟಕಿಯ ಕೆಳಗೆ ಇಟ್ಟರು. ಇಡುವಾಗ ಗಿರಿಜವ್ವ ಅದನ್ನು ಗೋಡೆಗೆ ಬೆನ್ನು ಮಾಡಿಸಿ ನಿಲ್ಲಿಸಿದಳು, ಅಲ್ಲಿಂದ ತನ್ನನ್ನು ನೋಡುವ ಹಾಗೆ.

ಕಬ್ಬಿಣದ ಕುರ್ಚಿಯಲ್ಲಿ ಪಾದ ನೆಲ ಮುಟ್ಟಿದವು. ಎರಡು ವರ್ಷದ ಮೇಲೆ ಮೊದಲ ಸಲ ಬೆನ್ನು ಒಂದು ಆಸರೆ ಕಂಡಿತು. ಅರ್ಧ ತಾಸಿಗೊಮ್ಮೆ ಜಿನ್ನಪ್ಪ ಪೆನ್ನಿನಿಂದ ಲೋಟ ಬಡಿಯುತ್ತಿದ್ದ, ಅವಳು ಎದ್ದು ನೀರಿನ ಮಡಿಕೆಯ ತನಕ ನಡೆದು ಬರುತ್ತಿದ್ದಳು. ಐದನೆಯ ದಿನ ಕಿರುಬೆರಳಿಗೆ ಚಹಾದ ಬಿಸಿ ತಾಗಿತು. ಅವಳು ಲೋಟ ಕೆಳಗಿಟ್ಟು, ಮತ್ತೆ ಮುಟ್ಟಿ, ಮತ್ತೆ ಮುಟ್ಟಿ ನೋಡಿದಳು. ಮನೆಯಲ್ಲಿ ರೊಟ್ಟಿ ಗುಂಡಗೆ ಬರತೊಡಗಿದವು. ಚನ್ನವ್ವ ಉಪ್ಪಿನ ಗಂಟು ತಂದಾಗ ಮಾತ್ರ ಮೊದಲಿನ ಹಾಗೆಯೇ ಮುಂದೆ ಹೋಗಿ ಕುಳಿತು, "ಹೂಂ, ಅಲ್ಲೇ" ಅನ್ನುತ್ತಿದ್ದಳು.

ಹತ್ತನೆಯ ದಿನ ಬುತ್ತಿ ಮರೆತು ಬಂದಿದ್ದಳು. ಮಧ್ಯಾಹ್ನ ಕಾರ್ಖಾನೆಯ ಊಟದ ಭೋಂಗಾ ಕೂಗುವ ಹೊತ್ತಿಗೆ ಚನ್ನವ್ವ ಬುತ್ತಿಗಂಟು ಕಂಕುಳಲ್ಲಿಟ್ಟುಕೊಂಡು, ಕಬ್ಬಿನ ಗಾಡಿಗಳ ಸಾಲು ದಾಟಿ, ಆಫೀಸಿನ ಬಾಗಿಲಿಗೆ ಬಂದು ನಿಂತಳು. ಮೊದಲು ಅವಳಿಗೆ ಸೊಸೆ ಕಂಡಳು. ಆಮೇಲೆ ಕಿಟಕಿಯ ಕೆಳಗಿನ ಕುರ್ಚಿ ಕಂಡಿತು. ಈ ಹತ್ತು ದಿನಗಳಲ್ಲಿ ಬಂದವರು ಹೋದವರು ಅದರ ಮೇಲೆ ತಮ್ಮ ತಮ್ಮ ಸಾಮಾನು ಇಡತೊಡಗಿದ್ದರು. ಅವತ್ತು ಅದರ ಮೇಲೆ ಹಳೆಯ ಚೀಟಿಗಳ ಮೂರು ಕಟ್ಟು, ಎಂಜಲು ಚಹಾ ಲೋಟಗಳ ಒಂದು ತಾಟು, ಯಾರದೋ ಹಸಿ ಟವೆಲ್ಲು ಇದ್ದವು.

ಗಿರಿಜವ್ವ ಎದ್ದು ನಿಂತಳು. "ಅತ್ತೀ" ಎಂದಳು.

ಚನ್ನವ್ವ ಬುತ್ತಿಯನ್ನು ಟೇಬಲ್ಲಿನ ಮೇಲೆ ಇಟ್ಟಳು. ಕುರ್ಚಿಯ ಹತ್ತಿರ ಹೋಗಿ ಲೋಟದ ತಾಟು ಕೆಳಗಿಳಿಸಿದಳು. ಕಟ್ಟುಗಳನ್ನು ಒಂದೊಂದಾಗಿ ಇಳಿಸಿದಳು. ಟವೆಲ್ಲನ್ನು ಎರಡು ಬೆರಳಿನಿಂದ ಹಿಡಿದು ಕಿಟಕಿಯ ಸರಳಿಗೆ ಹಾಕಿದಳು. ಆಮೇಲೆ ಸೆರಗಿನಿಂದ ಕೂಡುವ ಜಾಗ ಒರೆಸಿದಳು, ತೋಳು ಒರೆಸಿದಳು, ಕಾಲು ಒರೆಸಿದಳು. ಚಹಾದ ಲೋಟದ ದುಂಡನೆಯ ಕಲೆಯೊಂದು ಹೋಗಲಿಲ್ಲ. ಅದನ್ನು ಉಗುಳು ಹಚ್ಚಿ ತಿಕ್ಕಿದಳು.

"ತಮ್ಮಾ," ಎಂದಳು ಜಿನ್ನಪ್ಪನಿಗೆ, "ನಮ್ಮೂರ ಕಡೆ ಖಾಲಿ ಟ್ರ್ಯಾಕ್ಟರ್ ಹೋದ್ರ ಇದನ್ನ ಹಾಕಿ ಕಳಸು. ಇಲ್ಲಿ ಕುಂದ್ರವರು ಯಾರೂ ಇಲ್ಲ."

ಸಂಜೆ ಕುರ್ಚಿ ಮನೆಗೆ ಬಂತು. ಪಡಸಾಲೆಯಲ್ಲಿ, ಮುರಗೆಪ್ಪನ ಫೋಟೋದ ಕೆಳಗೆ ಅದನ್ನು ಇಡಿಸಿ, ಚನ್ನವ್ವ ಕಂಬಕ್ಕೆ ಒರಗಿ ಕುಳಿತಳು. ತಾಟಿಗೆ ರೊಟ್ಟಿ ಹಾಕಿ ಇಟ್ಟರೆ ಮುಟ್ಟಲಿಲ್ಲ.

"ಎವ್ವಾ, ಊಟಾ ಮಾಡ," ಎಂದ ಭರಮು.

"ಹಸಿವಿಲ್ಲ."

"ಹತ್ತ ದಿನ ನಮಗೆಲ್ಲಾ ಮಣ್ಣ ತಿನಸ್ಯಾರ ವೈನಿ. ಮನ್ಯಾಗ ಉಪ್ಪಿನ ಕಾವು, ಅಲ್ಲಿ ಕಬ್ಬಿಣದ ಕುರ್ಚಿ."

ಗಿರಿಜವ್ವ ಹೇಳಿದಳು, "ಡಾಕ್ಟರ್ ಹೇಳಿದ್ರು ಅಂತ ಕುಂತೆ. ಬೆರಳ ಹೋಗತಾವು ಅಂದ್ರು. ಬೆರಳ ಹೋದ್ರ ನೌಕರಿನೂ ಹೋಗತೈತಿ."

"ಹೋದ್ರ ಹೋಗ್ಲಿ. ಮಾತ ಕೊಟ್ಟ ನೌಕರಿ ಅದು. ಮಾತ ಮುರದ ಮ್ಯಾಲ ಬಿಡ್ರಿ. ಮನಿ ಗಂಡಸ ಯಾರರ ಮಾಡತಾರ."

"ಯಾರು, ನೀವss?" ಎಂದಳು ಲಕ್ಕವ್ವ ಒಲೆಯ ಹತ್ತಿರದಿಂದ. "ಮೂರ ಸಲ ಪರೀಕ್ಷಾಕ ಕುಂತ್ರಿ. ಇಂಗ್ಲಿಷ್ ಮಾಸ್ತರ ನಿಮ್ಮ ಪೇಪರ್ ನೋಡಿ ಊರ ಬಿಟ್ಟ ಹೋದಾ ಅಂತಾರ."

"ನೀ ಸುಮ್ಕಿರ ಲೇ."

"ನಾ ಸುಮ್ನss ಅದೀನಿ. ಅತ್ತಿ, ಅಕ್ಕಾನ ಕೈ ನಾ ದಿನಾ ನೋಡಾಕತ್ತೀನಿ. ಸುಳ್ಳಲ್ಲ ಅದು."

ಚನ್ನವ್ವ ಮೊದಲ ಸಲ ತಲೆ ಎತ್ತಿದಳು. "ಸುಳ್ಳ ಅಂತ ನಾ ಅಂದ್ನೇನ? ಆಕಿ ಗಿಡ್ಡ ಅದಾಳ. ಅದು ಆಕೀ ತಪ್ಪಲ್ಲ. ಕುರ್ಚಿ ಕೊಯ್ದು ಆಕೀ ಅಳತಿಗೆ ಮಾಡೂದು ಬ್ಯಾಡ. ಕುರ್ಚಿ ಅಳತಿ ಆಳು ಮನ್ಯಾಗss ಐತಿ." ಅವಳ ಕಣ್ಣು ಮೂಲೆಯಲ್ಲಿ ಪುಸ್ತಕ ಹಿಡಿದು ಕುಳಿತ ಮೊಮ್ಮಗಳ ಕಡೆ ಹೋಯಿತು. "ಸಾವಿತ್ರೆವ್ವಾ, ಇಲ್ಲಿ ಬಾ. ಅಪ್ಪನ ಕುರ್ಚ್ಯಾಗ ಕುಂದ್ರು."

"ಅಭ್ಯಾಸ ಮಾಡಾಕತ್ತೀನಿ ಆಯಿ."

"ಒಂದ ಸಲ ಕುಂದ್ರು. ನಿನ್ನ ಆಯಿ ಮಧ್ಯಾಹ್ನದಿಂದ ನೀರ ಸೈತ ಕುಡದಿಲ್ಲ."

ಸಾವಿತ್ರಿ ಬಂದು ಕುಳಿತಳು. ಸುಮ್ಮನೆ, ಮುದುಕಿಯ ಸಮಾಧಾನಕ್ಕೆ. ಪಾದ ಎರಡೂ ಪೂರ್ತಿ ನೆಲಕ್ಕೆ ತಾಗಿದವು. ಬೆನ್ನು ಹೋಗಿ ಹಿಂದಿನ ಹಲಗೆಗೆ ಒರಗಿತು. ಕೈ ಎರಡೂ ತಾವಾಗಿಯೇ ತೋಳಿನ ನುಣ್ಣಗಿನ ಜಾಗಕ್ಕೆ ಬಂದವು. ಡಾಕ್ಟರ್ ಬಾಯಿ ಚೀಟಿಯ ಹಿಂದೆ ಬರೆದ ಹೆಂಗಸು ಹೇಗೆ ಕುಳಿತಿದ್ದಳೋ ಹಾಗೆಯೇ ಹುಡುಗಿ ಕುಳಿತಿದ್ದಳು. ಒಂದು ಗಳಿಗೆ ಗಿರಿಜವ್ವನಿಗೂ ಮಗಳು ಕಾಣಲಿಲ್ಲ, ಮುರಗೆಪ್ಪನೇ ಕಂಡ. ಚನ್ನವ್ವ ಎದ್ದು ಬಂದು ಮೊಮ್ಮಗಳ ಎರಡೂ ಕೆನ್ನೆ ಸವರಿ, ಬೆರಳುಗಳನ್ನು ತನ್ನ ಹಣೆಯ ಎರಡೂ ಬದಿಗೆ ಒತ್ತಿ ನೆಟಿಗೆ ಮುರಿದಳು. ಆಮೇಲೆ ತಾಟು ಹತ್ತಿರ ಎಳೆದುಕೊಂಡು, ಎರಡು ರೊಟ್ಟಿ ಉಂಡಳು. ಇನ್ನೊಂದು ಹಾಕು ಎಂದಳು.

ಆ ವಾರವೆಲ್ಲ ಮನೆಯಲ್ಲಿ ಅದೇ ಮಾತು. ಚನ್ನವ್ವ ಎರಡು ದಿನ ಬಿಟ್ಟು ಭರಮುನನ್ನು ಕರೆದುಕೊಂಡು ಮ್ಯಾನೇಜರನ್ನು ಕಂಡು ಬಂದಳು. ತನ್ನಿಂದ ಕೆಲಸ ಆಗುವುದಿಲ್ಲ ಎಂದು ತಾಯಿ ಬರೆದು ಕೊಟ್ಟರೆ, ಮಗಳಿಗೆ ಹದಿನೆಂಟು ತುಂಬಿದ ಮೇಲೆ ನೋಡೋಣ ಎಂದಿದ್ದರಂತೆ. ಯುಗಾದಿಗೆ ಹದಿನೆಂಟು ತುಂಬುತ್ತಿತ್ತು. ಮುದುಕಿಯ ನಡಿಗೆಯಲ್ಲೇ ಚುರುಕು ಬಂತು. ದಿನಾ ಸಂಜೆ ಸಾವಿತ್ರಿಯನ್ನು ಆ ಕುರ್ಚಿಯಲ್ಲಿ ಕೂಡಿಸಿ, ಪುಸ್ತಕ ಅಲ್ಲೇ ಓದು ಎಂದು, ಎದುರಿಗೆ ಕುಳಿತು ನೋಡುತ್ತಿದ್ದಳು.

"ಆಕಿ ಮಾಸ್ತರಕಿ ಕಲೀಬೇಕಂತ ಅದಾಳ ಅತ್ತಿ," ಎಂದಳು ಗಿರಿಜವ್ವ ಒಂದು ದಿನ.

"ಮನಿ ಬಾಗಲಕ ಬಂದ ನೌಕರಿ ಬಿಟ್ಟು ಚಿಕ್ಕೋಡಿಗೆ ಹೋಗಿ ಹಾಸ್ಟೇಲದಾಗ ಕೊಳಿಬೇಕೇನ? ನೀನು ಮನ್ಯಾಗ ಆರಾಮ ಇರು. ಮೂರ ವರ್ಷ ದುಡದಿ, ಸಾಕು. ನಿನ್ನ ಕುತ್ತಿಗಿ ನನಗ ಬ್ಯಾಡಾಗೇತೇನ?"

ಅದರಲ್ಲಿ ಕಪಟವಿರಲಿಲ್ಲ. ಅದೇ ಕಷ್ಟವಾಗಿತ್ತು.

ರವಿವಾರ ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಸಾವಿತ್ರಿ ತಾಯಿಯ ಕೈಯಿಂದ ಸೀರೆ ಕಸಿದುಕೊಂಡು ತಾನೇ ಹಿಂಡಿದಳು.

"ಅವ್ವಾ, ನಾ ಹೋಗತೀನಿ ಆಫೀಸಿಗೆ."

"ಏನಂದಿ?"

"ನನಗ ಆ ಕುರ್ಚ್ಯಾಗ ಏನೂ ತ್ರಾಸ ಆಗೂದಿಲ್ಲ. ದಿನಾ ಕುಂತ ನೋಡೀನಿ. ನಿನ್ನ ಬೆರಳ ಉಳೀತಾವು. ಆಯಿ ಉಣ್ಣಾಕತ್ತಾಳ. ಟೀಚರ್ ಆಗಾಕ ಹುಡುಗ್ಯಾರು ಭಾಳ ಮಂದಿ ಅದಾರ."

ಹೇಳುವಾಗ ಅವಳು ಸೀರೆಯನ್ನು ನೀರು ಪೂರಾ ಹೋದ ಮೇಲೂ ಹಿಂಡುತ್ತಲೇ ಇದ್ದಳು. ಗಿರಿಜವ್ವ ಆ ಉದ್ದನೆಯ ಕೈಗಳನ್ನು ನೋಡಿದಳು. ಕುರ್ಚಿ ಸರಿಹೊಂದಿದರೆ ಬೆನ್ನು ಉಳಿದೀತು. ಆದರೆ ಹದಿನೆಂಟಕ್ಕೆ ಅದರಲ್ಲಿ ಕುಳಿತ ಹುಡುಗಿಯನ್ನು ಈ ಮನೆಯವರು ಯಾವ ವಯಸ್ಸಿಗೆ ಎಬ್ಬಿಸುತ್ತಾರೆ? ಎದುರಿಗೆ ಕುಳಿತು ನೋಡುವ ಆ ಮುದುಕಿಯ ಕಣ್ಣುಗಳನ್ನು ದಾಟಿ ಯಾರು ಎದ್ದು ಬಂದಾರು?

"ನಿನ್ನ ಯಾರ ಕಳಸತಾರ?" ಎಂದಳು. "ನನಗ ಈಗ ನೋವು ಎಲ್ಲೈತಿ?"

ಸಾವಿತ್ರಿ ತಿರುಗಿ ನೋಡಿದಳು.

"ಗೋಳಿ ಹಿಡದಾವು. ಹತ್ತ ದಿನಾ ಆತು, ಜೋಮಿಲ್ಲ, ಏನಿಲ್ಲ. ನಾಳಿ ಕುರ್ಚಿ ತಿರುಗಿ ಕಳಸೂದು. ನಾನss ಕುಂದರತೀನಿ."

"ಸುಳ್ಳ ಹೇಳಾಕತ್ತೀ."

"ನಿನ್ನ ಮುಂದ ಯಾಕ ಸುಳ್ಳ ಹೇಳ್ಲಿ?"

"ಹಂಗಾದ್ರ ಬಾ." ಹುಡುಗಿ ಕೈ ಹಿಡಿದು ಅಡಿಗೆ ಮನೆಗೆ ಕರೆದುಕೊಂಡು ಹೋದಳು. ಗೋಡೆಯ ಎತ್ತರದ ಮಾಡದೊಳಗಿನ ಅವಲಕ್ಕಿಯ ಡಬ್ಬಿ ತೋರಿಸಿದಳು. "ಬಲಗೈಲೆ ಇಳಸು. ಮಾರಿ ಮ್ಯಾಲ ಮಾಡಿ."

ಗಿರಿಜವ್ವ ಮಣೆಯ ಮೇಲೆ ನಿಂತಳು. ತಲೆ ಹಿಂದಕ್ಕೆ ಎತ್ತಿದಾಗ ಕುತ್ತಿಗೆಯಿಂದ ಮೊಣಕೈ ತನಕ ಕಾದ ತಂತಿ ಎಳೆದ ಹಾಗಾಯಿತು. ಡಬ್ಬಿಯ ಕಂಠವನ್ನು ಮೂರು ಬೆರಳುಗಳಿಂದ ಹಿಡಿದು, ಇಳಿಸಿ, ಮಗಳ ಕೈಗೆ ಕೊಟ್ಟಳು. "ನೋಡಿದೇನ? ಇನ್ನ ಇದರಾಗಿಂದು ಒಂದೀಟ ಅವಲಕ್ಕಿ ಹಚ್ಚು, ತಿನ್ನೋಣು. ತಾಯೀನ ಪರೀಕ್ಷಾ ತಗೊಳ್ಳಾಕಿ."

ಸಾವಿತ್ರಿ ಅವಳ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ನಕ್ಕಳು. ಆ ನಗುವಿನಲ್ಲಿ ಹುಡುಗಿ ವಾರದಿಂದ ಹೊತ್ತುಕೊಂಡದ್ದೆಲ್ಲ ಇಳಿದದ್ದು ಕಾಣುತ್ತಿತ್ತು. ಈರುಳ್ಳಿ ಹೆಚ್ಚುತ್ತ, ಪರೀಕ್ಷೆ ಮುಗಿದ ಮರುದಿನವೇ ಚಿಕ್ಕೋಡಿಗೆ ಹೋಗಿ ಅರ್ಜಿಯ ವಿಚಾರ ಮಾಡಿಕೊಂಡು ಬರುತ್ತೇನೆ, ಗೆಳತಿಯೂ ಬರುತ್ತಾಳೆ ಎಂದು ಮಾತು ಶುರು ಮಾಡಿದಳು. ನಿಲ್ಲಿಸಲೇ ಇಲ್ಲ.

ಕೊಟ್ಟ ಮಾತಿನಂತೆ ಅದರಲ್ಲೇ ಕುಳಿತುಕೊಳ್ಳುತ್ತೇನೆ ಎಂದ ಸೊಸೆಯನ್ನು ಚನ್ನವ್ವ ತಡೆಯಲಾರದೆ ಹೋದಳು; ಮರುದಿನ ಕುರ್ಚಿ ಆಫೀಸಿಗೆ ಹೋಯಿತು. ಕಬ್ಬಿಣದ ಕುರ್ಚಿ ಗೋದಾಮಿಗೆ ತಿರುಗಿ ಹೋಯಿತು. ಚೀಟಿ ಸಿಕ್ಕಿಸುವ ಪ್ಯಾಡನ್ನು ಮಾತ್ರ ಜಿನ್ನಪ್ಪ ತೆಗೆಯಲಿಲ್ಲ. ಅರ್ಧ ತಾಸಿಗೊಮ್ಮೆ ಲೋಟ ಬಡಿಯುವುದನ್ನೂ ಬಿಡಲಿಲ್ಲ. ಅದರಿಂದ ಒಂದಿಷ್ಟು ತಡೆಯುತ್ತಿತ್ತು. ಸಂಜೆಯ ಹೊತ್ತಿಗೆ ಎರಡೂ ಬೆರಳಿಗೆ ಮತ್ತೆ ಜೋಮು ಹತ್ತಿತ್ತು.

ಊಟವಾದ ಮೇಲೆ ಚನ್ನವ್ವ ಉಪ್ಪಿನ ಗಂಟು ಕಾಸಿಕೊಂಡು ಬಂದಳು. ಮೊಮ್ಮಗಳು ಕುರ್ಚಿಯಿಂದ ಎದ್ದದ್ದಕ್ಕೆ ಸಿಟ್ಟಿತ್ತು. ಆದರೂ ಬಂದಳು.

"ಬಾ ಬೇ, ಕುಂದ್ರು. ಇವತ್ತ ಮತ್ತ ಅವನ ಕುರ್ಚ್ಯಾಗ ಕುಂತ ಬಂದಿ. ನೋಯಾಕತ್ತಿರಬೇಕು."

ಸಾವಿತ್ರಿ ಪುಸ್ತಕದಿಂದ ತಲೆ ಎತ್ತಿದಳು.

ಗಿರಿಜವ್ವನಿಗೆ ಆ ಕೈ ಬೇಕಾಗಿತ್ತು. ಈ ಮೂರು ವರ್ಷದಲ್ಲಿ ಅವಳ ಮೈಯನ್ನು ಪ್ರೀತಿಯಿಂದ ಮುಟ್ಟಿದ್ದು ಅದೊಂದೇ ಕೈ. "ಇಲ್ಲ ಅತ್ತಿ," ಎಂದಳು. "ನೋವು ಹೋತು."

"ಹೋತು?"

"ಪೂರಾ ಹೋತು."

ಚನ್ನವ್ವ ಬಿಸಿ ಗಂಟನ್ನು ಕೈಯಿಂದ ಕೈಗೆ ಬದಲಿಸುತ್ತ ನಿಂತಳು. ಯಾರಿಗೆ ಕೊಡಲಿ ಎಂದು ತಿಳಿಯದವಳ ಹಾಗೆ ಪಡಸಾಲೆಯಲ್ಲೆಲ್ಲ ಕಣ್ಣಾಡಿಸಿದಳು. ಆಮೇಲೆ ಕಂಬದ ಹತ್ತಿರ ಕುಳಿತು, ಅದನ್ನು ತನ್ನ ಮೊಣಕಾಲಿನ ಮೇಲೆ ಇಟ್ಟುಕೊಂಡಳು. ಅದು ತಣ್ಣಗಾಗುವ ತನಕ ಹಾಗೇ ಕುಳಿತಿದ್ದಳು.

ಗಿರಿಜವ್ವ ಪಾತ್ರೆ ಬೆಳಗಲು ಹಿತ್ತಲಿಗೆ ಬಂದಳು. ಒಳಗೆ ಸಾವಿತ್ರಿ ಏನನ್ನೋ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದಳು. ಎರಡು ವರ್ಷ ಓದು. ಆಮೇಲೆ ಯಾವುದೋ ಊರಿನ ಶಾಲೆ ಸಿಗುವ ತನಕ ಇನ್ನೊಂದು ವರ್ಷ. ಮೂರು ಹಂಗಾಮು. ಅಲ್ಲಿಯ ತನಕ ಈ ಮನೆಯಲ್ಲಿ ಕುತ್ತಿಗೆಯ ಮಾತು ಬರಬಾರದು. ಬಲಗೈ ಅಷ್ಟು ದಿನ ಬಾಳಿಕೆ ಬರಲಿಕ್ಕಿಲ್ಲ. ನಾಳೆಯಿಂದ, ಜಿನ್ನಪ್ಪ ಊಟಕ್ಕೆ ಎದ್ದು ಹೋದ ಮೇಲೆ, ಎಡಗೈಯಿಂದ ಅಂಕಿ ಒತ್ತುವುದನ್ನು ಕಲಿಯಬೇಕು. ಯಾರಿಗೂ ಗೊತ್ತಾಗದ ಹಾಗೆ, ಮೊದಲು ಒಂದರಿಂದ ಹತ್ತು.